ಇಳಿಜಾರಿನ ಲೆಕ್ಕ

ಕೊಡಗಿನ ಹುದಿಕೇರಿಯಲ್ಲಿ ಸಮತಟ್ಟು ಎಂದರೆ ಗದ್ದೆ. ಬಿಟ್ಟರೆ ಆಟದ ಮೈದಾನ. ಉಳಿದದ್ದೆಲ್ಲ ಒಂದೋ ಏರು, ಇಲ್ಲವೇ ಇಳುಕಲು. ನಮ್ಮ ಮನೆಯಿಂದ ರಸ್ತೆಗೆ ಬರಬೇಕಾದರೆ ಹತ್ತಬೇಕು, ತೋಟಕ್ಕೆ ಹೋಗಬೇಕಾದರೆ ಇಳಿಯಬೇಕು. ನಲವತ್ತಾರು ವರ್ಷ ಇದು ನನ್ನ ಗಮನಕ್ಕೇ ಬಂದಿರಲಿಲ್ಲ. ಮಂಡಿ ಕೆಟ್ಟ ಮೇಲೆ ಗೊತ್ತಾಯಿತು. ಅದರಲ್ಲೂ ಒಂದು ವಿಚಿತ್ರವಿದೆ. ಹತ್ತುವಾಗ ಎದೆ ಬಡಿದುಕೊಳ್ಳುತ್ತದೆ, ಮಂಡಿ ಸುಮ್ಮನಿರುತ್ತದೆ. ಇಳಿಯುವಾಗ ಎದೆ ಹಾಯಾಗಿರುತ್ತದೆ, ಮಂಡಿ ಮಾತಾಡಲು ಶುರುಮಾಡುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ಹಿಡಿದುಕೊಳ್ಳಬೇಕು. ಅದು ಬ್ರೇಕಿನ ಕೆಲಸ. ಜೀಪು ಓಡಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಂಡಿ ಕೆಟ್ಟದ್ದು 2024ರ ಏಪ್ರಿಲಿನಲ್ಲಿ, ನಾಪೋಕ್ಲುವಿನಲ್ಲಿ. ಕೊಡವ ಕುಟುಂಬಗಳ ಹಾಕಿ ಹಬ್ಬ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಇದನ್ನು ಆರಂಭಿಸಿದಾಗ ಬಂದದ್ದು 60 ತಂಡ. 2024ರ ಕುಂಡ್ಯೋಳಂಡ ಕಪ್ಪಿಗೆ 360 ತಂಡ ಇಳಿದು ಗಿನ್ನೆಸ್ ದಾಖಲೆಯಾಯಿತು. ಒಂದೊಂದು ಒಕ್ಕಕ್ಕೆ, ಅಂದರೆ ಮನೆತನಕ್ಕೆ, ಒಂದೊಂದು ತಂಡ. ಅಜ್ಜನೂ ಆಡಬಹುದು, ಮೊಮ್ಮಗಳೂ ಆಡಬಹುದು. ಹೀಗಾಗಿ ಹನ್ನೊಂದು ಜನ ಕೂಡಿಸಲು ಪರದಾಡುವ ಸಣ್ಣ ಒಕ್ಕಗಳಲ್ಲಿ ನನ್ನಂಥವರ ಹೆಸರೂ ಪಟ್ಟಿಗೆ ಸೇರುತ್ತದೆ. ಚೆಂಡು ಎಡಕ್ಕೆ ಹೋಯಿತು, ನಾನು ತಿರುಗಿದೆ, ಪಾದ ತಿರುಗಲಿಲ್ಲ. ಯಾರೂ ಮುಟ್ಟಲಿಲ್ಲ. ಒಳಗೆ ‘ಟಪ್’ ಎಂದಿತು, ಹಸಿ ಕಡ್ಡಿ ಮುರಿದ ಹಾಗೆ. ‘ಲಿಗಮೆಂಟ್ ಕಟ್ಟಾಗಿದೆ’ ಎಂದು ಬದಿಯಲ್ಲಿದ್ದವರೊಬ್ಬರು ಸ್ಕ್ಯಾನಿಂಗ್ ಮಾಡಿಸುವ ಮೊದಲೇ ಹೇಳಿದರು. ಕೊಡಗಿನಲ್ಲಿ ಹಾಕಿ ನೋಡುವವರಲ್ಲಿ ಅರ್ಧದಷ್ಟು ಜನ ಮಂಡಿ ತಜ್ಞರೇ.

ಮೇ ತಿಂಗಳಲ್ಲಿ ಆಪರೇಷನ್ ಆಯಿತು. ಅಲ್ಲಿಂದಾಚೆ ಊರವರು ಕೇಳಿದ ಪ್ರಶ್ನೆ ಒಂದೇ: ‘ಎಷ್ಟು ತಿಂಗಳಾಯಿತು?’ ಮೂರಾಯಿತು ಎಂದರೆ ‘ಓ, ಇನ್ನೇನು’ ಎನ್ನುವರು. ಆರಾಯಿತು ಎಂದರೆ ‘ಇನ್ನೂ ಯಾಕೆ ಕುಂಟುತ್ತೀ?’ ಎನ್ನುವರು. ನಮ್ಮ ದೊಡ್ಡಪ್ಪ ಸೈನ್ಯದಲ್ಲಿದ್ದವರು. ಅವರ ಕಾಲದಲ್ಲಿ ಕಾಲು ಮುರಿದವನೂ ನಲವತ್ತೈದನೇ ದಿನ ಪರೇಡಿಗೆ ನಿಲ್ಲುತ್ತಿದ್ದನಂತೆ. ನಿಂತಿರಬಹುದು. ಆಮೇಲೆ ಅರವತ್ತನೇ ವಯಸ್ಸಿಗೆ ಅವನು ಹೇಗೆ ನಡೆಯುತ್ತಿದ್ದ ಎಂದು ನಾನು ಕೇಳಲಿಲ್ಲ. ದೊಡ್ಡಪ್ಪನ ಮುಂದೆ ಹಾಗೆಲ್ಲ ಕೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ.

ತಿಂಗಳ ಲೆಕ್ಕ ಹಾಕುವವರಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಹರಿದ ಲಿಗಮೆಂಟಿನ ಜಾಗಕ್ಕೆ ತೊಡೆಯ ಹಿಂಬದಿಯಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಒಂದು ಪಟ್ಟಿ ಸ್ನಾಯುರಜ್ಜು ತೆಗೆದು ಕೂರಿಸುತ್ತಾರೆ. ಕೂರಿಸಿದ ದಿನ ಅದು ಗಟ್ಟಿಯಾಗಿಯೇ ಇರುತ್ತದೆ. ಆಮೇಲೆ ಅದು ಒಳಗೊಳಗೇ ಸತ್ತು, ಹೊಸ ರಕ್ತನಾಳ ಹಿಡಿದು, ನಿಧಾನವಾಗಿ ಲಿಗಮೆಂಟಾಗಿ ಮಾರ್ಪಡಬೇಕು. ಹಾಗೆ ಮಾರ್ಪಡುವಾಗ, ಎರಡು ಮೂರನೇ ತಿಂಗಳ ಆಸುಪಾಸಿನಲ್ಲಿ, ಅದು ಎಲ್ಲಕ್ಕಿಂತ ದುರ್ಬಲವಾಗಿರುತ್ತದೆ. ನೋವು ಹೋಗಿ, ಬಾವು ಇಳಿದು, ‘ಅಬ್ಬ, ಸರಿಯಾಯಿತು’ ಎಂದು ನಮಗೆ ಅನ್ನಿಸತೊಡಗುವುದೂ ಸರಿಯಾಗಿ ಅದೇ ಹೊತ್ತಿಗೆ. ಆಪರೇಷನ್ ಆಗಿ ಒಂಬತ್ತು ತಿಂಗಳು ತುಂಬುವ ತನಕ ಮೈದಾನಕ್ಕಿಳಿಯುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮತ್ತೆ ಪೆಟ್ಟಾಗುವ ಪ್ರಮಾಣ ಅರ್ಧಕ್ಕರ್ಧ ಇಳಿಯುತ್ತದೆ ಎಂದು ನಾರ್ವೆಯ ಓಸ್ಲೊದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಕಂಡುಕೊಂಡಿತು. ಫಿಸಿಯೋಥೆರಪಿಸ್ಟ್ ಇದನ್ನು ನನಗೆ ಹೇಳಿದ್ದು ಮೂರನೇ ತಿಂಗಳಲ್ಲಿ, ನಾನು ಅಂಗಳದಲ್ಲಿ ಮೆಲ್ಲಗೆ ಓಡಿ ನೋಡಿದೆ ಎಂದು ಒಪ್ಪಿಕೊಂಡ ದಿನ. ಆಕೆ ಬೈಯಲಿಲ್ಲ. ಟೇಪು ತೆಗೆದು ಎರಡೂ ತೊಡೆ ಅಳೆದು ತೋರಿಸಿದಳು. ಎಡದ್ದಕ್ಕಿಂತ ಬಲದ್ದು ಮೂರು ಬೆರಳು ಸಣ್ಣ. ಮಂಡಿಯೊಳಗೆ ನೀರು ನಿಂತರೆ ಮಿದುಳು ತಾನಾಗಿಯೇ ತೊಡೆಯ ಸ್ನಾಯುವಿನ ಸ್ವಿಚ್ಚು ಆರಿಸಿಬಿಡುತ್ತದಂತೆ. ನೀವು ಎಷ್ಟು ಹಟ ಹಿಡಿದರೂ ಅದು ಹೊತ್ತಿಕೊಳ್ಳುವುದಿಲ್ಲ.

ಆ ಹೊತ್ತಿಗೆ ಕಕ್ಕಡ ತಿಂಗಳ ಹದಿನೆಂಟನೇ ದಿನ ಬಂತು. ಆಗಸ್ಟ್ 3. ಹದಿನೆಂಟು ಬಗೆಯ ಔಷಧ ಅಂದು ಮದ್ದುಸೊಪ್ಪಿನ ಎಲೆಗೆ ಬಂದು ಸೇರುತ್ತದೆ ಎಂದು ನಂಬಿಕೆ. ಅವ್ವ ಅದನ್ನು ಕುದಿಸಿ ನೇರಳೆ ಬಣ್ಣದ ಪಾಯಸ ಮಾಡಿ ದೊಡ್ಡ ಬಟ್ಟಲಿನಲ್ಲಿ ಕೊಟ್ಟರು. ಮಂಡಿಗೆಂದೇ ಇನ್ನೊಂದು ಸೌಟು. ಮಾರನೇ ದಿನ ಮೂತ್ರ ಕೆಂಪಾದದ್ದು ಬಿಟ್ಟರೆ ಬೇರೆ ಬದಲಾವಣೆ ಕಾಣಲಿಲ್ಲ. ಆದರೂ ಪಾಯಸ ಚೆನ್ನಾಗಿತ್ತು.

ಟ್ರಯತ್ಲಾನ್ ಎನ್ನುವ ಮಾತು ನಮ್ಮ ಮನೆಯೊಳಕ್ಕೆ ಬಂದದ್ದು ಬೆಂಗಳೂರಿನಲ್ಲಿರುವ ಅಕ್ಕನ ಮಗನಿಂದ. ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೆ ಒಂದು, ನಡುವೆ ಬಿಡುವಿಲ್ಲದೆ ಮಾಡುವ ಸ್ಪರ್ಧೆ. ನಮ್ಮ ಕಡೆಯವರು ಇದರ ಹೆಸರು ಕೇಳಿದ್ದು ಹೆಚ್ಚಾಗಿ ಗೋವಾದಿಂದ. ಅಲ್ಲಿ 2019ರಿಂದ ನಡೆಯುವ ಅರ್ಧ ಐರನ್‌ಮ್ಯಾನಿನಲ್ಲಿ 1.9 ಕಿ.ಮೀ. ಸಮುದ್ರದ ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದನ್ನು 8 ಗಂಟೆ 27 ನಿಮಿಷದಲ್ಲಿ ಮುಗಿಸಿದಾಗ ಪತ್ರಿಕೆಗಳಲ್ಲೆಲ್ಲ ಫೋಟೊ ಬಂತು. ಗಡುವು ಎಂಟೂವರೆ ಗಂಟೆ. ರಾಜಕೀಯದ ಮಾತು ಹಾಗಿರಲಿ, ಆ ಕೊನೆಯ ನಿಮಿಷಗಳಲ್ಲಿ ಕಾಲು ಏನು ಹೇಳುತ್ತಿತ್ತು ಎಂದು ಅವರನ್ನು ಕೇಳಬೇಕೆಂದು ನನಗೆ ಆಸೆ.

ಅಕ್ಕನ ಮಗ ಹೇಳಿದ್ದು ಅಷ್ಟು ದೊಡ್ಡದನ್ನಲ್ಲ. ಸ್ಪ್ರಿಂಟ್ ಎನ್ನುವ ಸಣ್ಣ ದೂರ: 750 ಮೀಟರ್, 20 ಕಿ.ಮೀ., 5 ಕಿ.ಮೀ. ‘ಮಾವ, ಹೇಗೂ ನಿಮಗೆ ಸೈಕಲ್ ತುಳಿ, ಈಜು ಅಂತ ಹೇಳಿದ್ದಾರಲ್ಲ. ಎರಡು ಆಯಿತು. ಇನ್ನು ಉಳಿದದ್ದು ಒಂದೇ’ ಎಂದ. ಹುಡುಗರ ಗಣಿತ ಹೀಗೇ ಇರುತ್ತದೆ. ಆದರೆ ಅವನ ಮಾತಿನಲ್ಲಿ ಸತ್ಯವಿತ್ತು. ಈ ಆಟ ಹುಟ್ಟಿದ್ದೇ ಓಡಿ ಓಡಿ ಬೇಸರ ಹಿಡಿದವರ ನಡುವೆ. 1974ರ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯಾಗೊದ ಮಿಷನ್ ಬೇ ತೀರದಲ್ಲಿ, ಅಲ್ಲಿನ ಓಟಗಾರರ ಸಂಘದವರು ಒಂದು ಸಂಜೆ ಬದಲಾವಣೆಗೆಂದು ಇದನ್ನು ಏರ್ಪಡಿಸಿದರು. 46 ಜನ ಬಂದರು. ಅವರಲ್ಲಿ ನೌಕಾಪಡೆಯ ಜಾನ್ ಕಾಲಿನ್ಸ್ ಕೂಡ ಇದ್ದರು. ಈಜುವವನು ಗಟ್ಟಿಯೋ ಓಡುವವನು ಗಟ್ಟಿಯೋ ಎಂಬ ಹರಟೆ ಬೆಳೆದು, 1978ರಲ್ಲಿ ಹವಾಯಿಯಲ್ಲಿ ಮೊದಲ ಐರನ್‌ಮ್ಯಾನ್ ನಡೆಸಿದವರು ಅವರೇ. ಆರಂಭಕ್ಕೆ ನಿಂತವರು 15 ಜನ, ಮುಗಿಸಿದವರು 12. ಇವತ್ತಿಗೂ ಗಾಯಗೊಂಡ ಓಟಗಾರರು ಈ ಕಡೆ ಬರುವುದಕ್ಕೆ ಕಾರಣ ಸರಳ. ನೀರಿನಲ್ಲಿ ಮೈಗೆ ಭಾರವಿಲ್ಲ. ಸೈಕಲ್ಲಿನಲ್ಲಿ ಭಾರವನ್ನು ಸೀಟು ಹೊರುತ್ತದೆ. ಓಟದಲ್ಲಿ ಮಾತ್ರ ಹೆಜ್ಜೆ ಹೆಜ್ಜೆಗೂ ಮೈಭಾರದ ಎರಡರಿಂದ ಮೂರು ಪಟ್ಟು ಪೆಟ್ಟು ಕಾಲಿನ ಮೇಲೆ ಬೀಳುತ್ತದೆ, ನನ್ನ ನಡೆಗೆ ಐದು ಕಿಲೋಮೀಟರಿಗೆ ಐದು ಸಾವಿರ ಹೆಜ್ಜೆಗೂ ಮೇಲೆ.

ವಾಸಿಯಾಗುವ ಕ್ರಮದಲ್ಲಿ ಮೊದಲು ಸೈಕಲ್, ಆಮೇಲೆ ಈಜು. ಸ್ಪರ್ಧೆಯಲ್ಲಿ ಅದು ಅದಲುಬದಲು. ಎರಡರಲ್ಲೂ ಓಟ ಕೊನೆಗೇ.

ಬೆಂಗಳೂರಿನಲ್ಲಿ ಇದಕ್ಕೆಲ್ಲ ಕೊಳವಿದೆ, ಜಿಮ್ಮಿದೆ, ಕೋಚಿದ್ದಾರೆ. ನಮಗೆ ಇರುವುದು ಕೆರೆ. ಮಾರ್ಚಿನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಲೆಂದು ತೋಡಿಸಿದ ತೋಟದ ಕೆರೆ. ಅಂಚೆಲ್ಲ ಜಾರುವ ಜೇಡಿ, ಇಳಿದ ಮೇಲೆ ಕಾಲಿಗೆ ನೆಲ ಸಿಗುವುದಿಲ್ಲ. ಇಂಥ ಕೆರೆಗಳಲ್ಲಿ ಪ್ರತಿ ಬೇಸಿಗೆಯೂ ಯಾರಾದರೊಬ್ಬರು ಹೋಗುವ ಸುದ್ದಿ ನಾವು ಓದುತ್ತೇವೆ. ಹಾಗಾಗಿ ದಂಡೆಯ ಮರಕ್ಕೆ ಹಗ್ಗ ಕಟ್ಟಿ, ಸೊಂಟಕ್ಕೆ ತೇಲುವ ಚೀಲ ಕಟ್ಟಿಕೊಂಡು, ಮೇಲೆ ಒಬ್ಬರು ನಿಂತಿದ್ದರೆ ಮಾತ್ರ ಇಳಿಯುತ್ತಿದ್ದೆ. ಕಪ್ಪೆಯ ಹಾಗೆ ಕಾಲು ಬಡಿಯುವ ಈಜು ಮಂಡಿಯ ಒಳಬದಿಗೆ ಒಳ್ಳೆಯದಲ್ಲ, ತೊಡೆಗಳ ನಡುವೆ ಫೋಮು ಸಿಕ್ಕಿಸಿಕೊಂಡು ಕೈಯಲ್ಲೇ ಎಳೆ ಎಂದಿದ್ದರು. ನಾನು ಬಾಲ್ಯದಿಂದ ಕಲಿತದ್ದು ಕಪ್ಪೆ ಈಜು ಒಂದನ್ನೇ. ನಲವತ್ತೇಳಕ್ಕೆ ಹೊಸದಾಗಿ ಈಜು ಕಲಿತೆ. ಎಷ್ಟು ನೀರು ಕುಡಿದೆನೋ ಲೆಕ್ಕವಿಲ್ಲ.

ಸೈಕಲ್ಲಿಗೆ ಪೊನ್ನಂಪೇಟೆ–ಕುಟ್ಟ ರಸ್ತೆ. ಹುದಿಕೇರಿಯಿಂದ ಶ್ರೀಮಂಗಲದ ಕಡೆ ಹೋದರೆ ಬ್ರಹ್ಮಗಿರಿ ಎದುರಿಗೇ ನಿಂತಿರುತ್ತದೆ, ಮಳೆಗಾಲ ಬಿಟ್ಟು. ಪುಸ್ತಕದಲ್ಲಿ ಬರೆದಿರುತ್ತದೆ: ತರಬೇತಿಗೆ ನಸುಕಿನ ಐದು ಗಂಟೆ ಪ್ರಶಸ್ತ ಎಂದು. ಬರೆದವರು ದಕ್ಷಿಣ ಕೊಡಗಿನವರಲ್ಲ. ಇಲ್ಲಿ ಆ ಹೊತ್ತು ಆನೆಗಳದ್ದು. ರಾತ್ರಿ ಗದ್ದೆ, ತೋಟ ಸುತ್ತಿ ಅವು ಕಾಡಿಗೆ ಮರಳುವ ಹೊತ್ತು. ಹುಲಿ ದನ ಹೊಡೆದ ವಾರವಾದರೆ ಬಾಗಿಲು ತೆಗೆಯುವುದೇ ಎಂಟಕ್ಕೆ. ವಾಟ್ಸ್ಆ್ಯಪ್ ನೋಡಿ, ‘ಆನೆ ದಾಟಿತು’ ಎಂದು ಸುದ್ದಿ ಬಂದ ಮೇಲೆ ಸೈಕಲ್ ಹೊರಗೆ. ಎಷ್ಟೋ ದಿನ ತರಬೇತಿ ತಪ್ಪಿತು. ಹಿಂದಿರುಗಿ ನೋಡಿದರೆ, ನನ್ನ ಮಂಡಿಗೆ ಬೇಕಾದ ರಜೆಗಳನ್ನು ಬಲವಂತವಾಗಿ ಕೊಡಿಸಿದ್ದು ಆನೆಗಳೇ. ನನ್ನ ಕೈಯಲ್ಲಿದ್ದರೆ ನಾನು ಕೊಡುತ್ತಿರಲಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಹೋದರೆ ಬರಹ ಸುಳ್ಳಾಗುತ್ತದೆ. ನಾನು ಸ್ನಾಯುವಿನ ಸುತ್ತಳತೆ ಅಳೆಸಿಕೊಳ್ಳುತ್ತಿದ್ದ ಅದೇ ವರ್ಷ ಮೆಣಸು ಕೊಯ್ಯುವಾಗ ನಮ್ಮ ಪಕ್ಕದ ತೋಟದಲ್ಲಿ ಒಬ್ಬ ಏಣಿಯಿಂದ ಬಿದ್ದು ಹಿಮ್ಮಡಿ ಒಡೆದುಕೊಂಡ. ಸಿಲ್ವರ್ ಓಕಿಗೆ ಒರಗಿಸಿದ ಏಣಿ ಹೆಚ್ಚು ಕಡಿಮೆ ಎರಡು ಮಹಡಿ ಎತ್ತರ. ಎಂಟನೇ ವಾರ ಅವನು ಬೆನ್ನಿಗೆ ಔಷಧಿ ಕ್ಯಾನು ಕಟ್ಟಿಕೊಂಡು ಅದೇ ಇಳಿಜಾರಿನಲ್ಲಿ, ತೊಟ್ಟಿಲು ಗುಂಡಿಗಳನ್ನು ದಾಟಿಕೊಂಡು ಹೋಗುತ್ತಿದ್ದ. ಅವನಿಗೂ ಒಬ್ಬರು ಹೇಳಿದ್ದರಂತೆ, ಮೂರು ತಿಂಗಳು ಭಾರ ಹಾಕಬೇಡ ಎಂದು. ನಿಧಾನವಾಗಿ ವಾಸಿಯಾಗುವುದಕ್ಕೂ ಕೈಯಲ್ಲಿ ಕಾಸಿರಬೇಕು. ಅವನು ಈಗಲೂ ಕುಂಟುತ್ತಾನೆ. ‘ನಿಮ್ಮ ಕಾಲು ಹೇಗಿದೆ ಅಣ್ಣಾ?’ ಎಂದು ನನ್ನನ್ನು ಕೇಳುತ್ತಾನೆ.

ಕೊಡಗಿನ ಮಂಡಿಗಳ ಪೈಕಿ ಜಗತ್ತಿಗೆ ಗೊತ್ತಿರುವುದು ಟೆನಿಸ್ ಆಟಗಾರ ಮಚ್ಚಂಡ ರೋಹನ್ ಬೋಪಣ್ಣನ ಮಂಡಿ. ಮೂವತ್ತೊಂಬತ್ತು ನಲವತ್ತರ ಹೊತ್ತಿಗೆ ಅದರೊಳಗಿನ ಮೃದ್ವಸ್ಥಿ ಸವೆದು ಮುಗಿದಿತ್ತು. ದಿನಕ್ಕೆ ಎರಡು ಮೂರು ನೋವಿನ ಮಾತ್ರೆ ನುಂಗಿ ಅಂಗಳಕ್ಕಿಳಿಯುತ್ತಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಕೋವಿಡ್ ಕಾಲದಲ್ಲಿ ಅಯ್ಯಂಗಾರ್ ಯೋಗ ಹಿಡಿದರು. ಕಾಲಿನ ಸ್ನಾಯು ಬಲಿತು, ಮಂಡಿಯ ಮೇಲಿನ ಹೊರೆ ಇಳಿಯಿತು. 2021ರಲ್ಲಿ ಐದು ತಿಂಗಳು ಒಂದು ಪಂದ್ಯವನ್ನೂ ಗೆಲ್ಲದೆ ಆಟ ಬಿಟ್ಟುಬಿಡುವ ಮಾತನಾಡಿದ್ದವರು, 2024ರ ಜನವರಿ 27ರಂದು ಮೆಲ್ಬರ್ನಿನಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ವಯಸ್ಸು 43. ಅದೇ ವಾರ ವಿಶ್ವದ ಒಂದನೇ ಸ್ಥಾನ.

ಈ ಕಥೆಯನ್ನು ನಾವು ಛಲದ ಕಥೆಯಾಗಿ ಹೇಳುತ್ತೇವೆ. ನಾಪೋಕ್ಲುವಿನ ಮೈಕಿನಲ್ಲೂ ಹಾಗೇ ಹೇಳಿದರು. ನನಗೆ ಬೇರೆ ಕಾಣುತ್ತದೆ. ಬೋಪಣ್ಣ ಸಿಂಗಲ್ಸನ್ನು ಎಷ್ಟೋ ವರ್ಷ ಮೊದಲೇ ಬಿಟ್ಟಿದ್ದರು. ಅಂಗಳದ ಅರ್ಧವನ್ನು ಇನ್ನೊಬ್ಬನಿಗೆ ಒಪ್ಪಿಸಿ, ತನ್ನ ಪಾಲಿನ ಅರ್ಧದಲ್ಲಿ ದೊಡ್ಡ ಸರ್ವು ಹೊಡೆದುಕೊಂಡು ನಿಂತರು. ಎಲ್ಲವನ್ನೂ ಹಿಡಿದಿಟ್ಟುಕೊಳ್ಳಲು ಹೋಗಿದ್ದರೆ ಆ ಮಂಡಿ 43ರ ತನಕ ಬರುತ್ತಿತ್ತೆ? ನಮ್ಮ ಸೋಮವಾರಪೇಟೆಯ ಹಾಕಿ ಆಟಗಾರ ಎಸ್.ವಿ. ಸುನಿಲ್‌ಗೆ 2018ರಲ್ಲಿ ಮಂಡಿ ಪೆಟ್ಟಾದದ್ದು ಭುವನೇಶ್ವರದ ವಿಶ್ವಕಪ್ ಇನ್ನೇನು ಬಂತು ಎನ್ನುವಾಗ. ಸ್ವದೇಶದಲ್ಲಿ ನಡೆಯುವ ವಿಶ್ವಕಪ್, ಆಟಗಾರನ ಬದುಕಿನಲ್ಲಿ ಮತ್ತೆ ಸಿಗುವ ಖಾತ್ರಿಯಿಲ್ಲ. ಆಡಲಿಲ್ಲ. ಮುಂದಿನ ವರ್ಷ ಭಾರತ ತಂಡಕ್ಕೆ ಮರಳಿದರು. ಇವನ್ನೆಲ್ಲ ನಾವು ಮೈಕಿನಲ್ಲಿ ಹೇಳುವುದಿಲ್ಲ, ಚಪ್ಪಾಳೆ ಬೀಳುವುದಿಲ್ಲ.

ಚಪ್ಪಾಳೆ ಬೀಳುವುದು ಜೂಲಿ ಮಾಸ್‌ಗೆ. 1982ರ ಫೆಬ್ರವರಿ, ಹವಾಯಿಯ ಐರನ್‌ಮ್ಯಾನ್. 23 ವರ್ಷದ ವಿದ್ಯಾರ್ಥಿನಿ, ತನ್ನ ಓದಿಗೆ ಒಂದು ಪ್ರಬಂಧವಾಗಲಿ ಎಂದು ಬಂದವಳು, ಮಹಿಳೆಯರಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು. ಗುರಿ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ಕಾಲು ಸೋತು ಕುಸಿದಳು. ಎದ್ದಳು, ಮತ್ತೆ ಕುಸಿದಳು. ಕ್ಯಾಥ್ಲೀನ್ ಮೆಕಾರ್ಟ್ನಿ ಪಕ್ಕದಲ್ಲಿ ದಾಟಿ ಹೋಗಿ ಗೆದ್ದಳು. ಜೂಲಿ ಅಂಬೆಗಾಲಿಟ್ಟು ಗುರಿ ಮುಟ್ಟಿದಳು, 29 ಸೆಕೆಂಡು ತಡವಾಗಿ. ಟಿ.ವಿ.ಯಲ್ಲಿ ಅದನ್ನು ಕಂಡು ಸಾವಿರಾರು ಜನ ಈ ಆಟಕ್ಕೆ ಬಂದರು. ಅಕ್ಕನ ಮಗ ಆ ವಿಡಿಯೊ ನನಗೂ ತೋರಿಸಿದ. ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಆಕೆಯದು ದಣಿದ ಕಾಲು, ಹರಿದ ಕಾಲಲ್ಲ. ದಣಿದದ್ದು ನಾಲ್ಕು ದಿನ ಮಲಗಿದರೆ ಮರಳಿ ಬರುತ್ತದೆ. ಈ ಎರಡರ ವ್ಯತ್ಯಾಸ ಆ ವಿಡಿಯೊದಲ್ಲಿ ಇಲ್ಲ, ಅದನ್ನು ನೋಡಿ ಮೈಯುಬ್ಬಿಸಿಕೊಂಡು ಹೊರಡುವ ನಮ್ಮ ತಲೆಯಲ್ಲೂ ಇರುವುದಿಲ್ಲ.

2025ರ ನವೆಂಬರಿನಲ್ಲಿ, ಆಪರೇಷನ್ ಆಗಿ ಹದಿನೆಂಟು ತಿಂಗಳಿಗೆ, ಮೈಸೂರಿನ ಕಡೆ ಒಂದು ಸಣ್ಣ ಸ್ಪರ್ಧೆಗೆ ಹೆಸರು ಕೊಟ್ಟೆ. ಅದೇ ತಿಂಗಳ ಮೊದಲ ದಿನ ಬೋಪಣ್ಣ ಆಟಕ್ಕೆ ವಿದಾಯ ಹೇಳಿದ್ದರು. ಹೊರಡುವ ಮುನ್ನ ಫಿಸಿಯೋ ಎರಡೇ ಮಾತು ಹೇಳಿದ್ದಳು. ಹತ್ತರಲ್ಲಿ ಮೂರರಷ್ಟು ನೋವಾದರೆ ಮುಂದುವರಿಸಿ. ಮಂಡಿ ಊದಿದರೆ, ನೋವಿರಲಿ ಬಿಡಲಿ, ಅಲ್ಲೇ ನಿಲ್ಲಿಸಿ. ಹುಮ್ಮಸ್ಸಿನಲ್ಲಿ ನೋವು ಗೊತ್ತಾಗುವುದಿಲ್ಲ. ಬಾವು ಕೈಗೆ ಸಿಗುತ್ತದೆ.

ಈಜಿನಲ್ಲಿ ನೀರಿನಿಂದ ಎದ್ದವರ ಪೈಕಿ ನನ್ನ ಹಿಂದೆ ನಾಲ್ಕೇ ಜನ. ಸೈಕಲ್ಲಿನಲ್ಲಿ ಖುಷಿಯಾಯಿತು. ಕೊಡಗಿನ ಏರಿನಲ್ಲಿ ತುಳಿದವನಿಗೆ ಬಯಲಿನ ರಸ್ತೆ ಮದುವೆ ಊಟದ ಹಾಗೆ, ಬಡಿಸಿದಷ್ಟೂ ಒಳಗೆ ಹೋಗುತ್ತದೆ. ಹತ್ತಿಪ್ಪತ್ತು ಜನರನ್ನು ಹಿಂದೆ ಹಾಕಿದೆ. ಹಾಕಬಾರದಿತ್ತು ಎನ್ನುವುದು ಇಳಿದ ಮೇಲೆ ಗೊತ್ತಾಯಿತು. ಸೈಕಲ್ಲಿನಿಂದ ಇಳಿದು ಓಡಲು ಹೊರಟಾಗ ಮೊದಲ ಐದು ನಿಮಿಷ ಎಲ್ಲರ ಕಾಲೂ ಬೇರೆಯವರದ್ದಾಗಿರುತ್ತದೆ, ಅದು ಸಹಜ. ಐದು ಹೋಗಿ ಹತ್ತಾಯಿತು. ನೋವಿಲ್ಲ. ಏನೂ ಇಲ್ಲ. ಆದರೆ ಮಂಡಿ ಮಡಚುವಾಗ ಒಳಗೆ ಯಾರೋ ಬಟ್ಟೆ ತುರುಕಿದ ಹಾಗೆ. ಓಟ ಎರಡೂವರೆ ಕಿಲೋಮೀಟರಿನ ಎರಡು ಸುತ್ತು. ಮೊದಲ ಸುತ್ತು ಮುಗಿಯುವಲ್ಲಿ ನೀರು ಕೊಡುವ ಮೇಜಿತ್ತು. ನಿಂತು ಕೈಯಿಟ್ಟು ನೋಡಿದೆ. ಮಂಡಿಚಿಪ್ಪಿನ ಎರಡು ಬದಿಯ ತಗ್ಗು ಇಲ್ಲ. ತುಂಬಿಕೊಂಡಿತ್ತು.

ನೀರು ಕೊಡುತ್ತಿದ್ದ ಕಾಲೇಜು ಹುಡುಗಿ, ‘ಇನ್ನೊಂದೇ ರೌಂಡ್ ಸಾರ್, ಬಿಡಬೇಡಿ, ಆಗುತ್ತೆ’ ಎಂದಳು. ಅವಳ ಹಿಂದೆ ಇನ್ನಿಬ್ಬರು ಚಪ್ಪಾಳೆ ತಟ್ಟತೊಡಗಿದರು. ಒಳ್ಳೆಯ ಮಕ್ಕಳು. ಹದಿನೆಂಟು ತಿಂಗಳಲ್ಲಿ ನನಗೆ ಅತಿ ಕಷ್ಟವೆನಿಸಿದ ಕ್ಷಣ ಯಾವುದೆಂದು ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ. ಆಪರೇಷನ್ನಿನ ಮೊದಲ ರಾತ್ರಿ ಅದರ ಹತ್ತಿರಕ್ಕೂ ಬರುವುದಿಲ್ಲ. ಅವರ ಚಪ್ಪಾಳೆಯ ಎದುರು ಎದೆಗೆ ಕಟ್ಟಿದ್ದ ನಂಬರು ಬಿಚ್ಚಿದೆ. ‘ಸಾಕಮ್ಮ’ ಎಂದೆ. ಆ ಹುಡುಗಿ ನಾನೇನೋ ಅವಳ ಮೇಲೆ ಸಿಟ್ಟಾದೆ ಎಂಬಂತೆ ನೋಡಿದಳು. ಬಾಳೆಹಣ್ಣು ಕೊಟ್ಟಳು.

ಊರಿಗೆ ಬಂದಾಗ ದೊಡ್ಡಪ್ಪ ಕೇಳಿದರು, ‘ಮುಗಿಸಿದೆಯೋ?’ ಇಲ್ಲ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮ ಒಕ್ಕದಲ್ಲಿ ಹಾಗೆ ಬಿಟ್ಟು ಬಂದವರಿಲ್ಲ’ ಎಂದರು. ಅದು ನಿಜವೂ ಇರಬಹುದು. ಅವರು ಕೋಲೂರಿಕೊಂಡು, ಕೈಸಾಲೆಯ ಎರಡು ಮೆಟ್ಟಿಲನ್ನು ಅಡ್ಡಡ್ಡವಾಗಿ ಇಳಿದು ಕೊಟ್ಟಿಗೆಯ ಕಡೆ ಹೋದರು.

ಬಾವು ಮೂರನೇ ದಿನಕ್ಕೆ ಇಳಿಯಿತು. ಫಲಿತಾಂಶದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ಡಿಎನ್‌ಎಫ್’ ಎಂದಿದೆ, ಅಂದರೆ ಮುಗಿಸಿಲ್ಲ. ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾಯಿತು. ದಿನಕ್ಕೆ ನಾಲ್ಕು ಸಲ ತೋಟಕ್ಕೆ ಇಳಿದು ಹತ್ತುತ್ತಿದ್ದೇನೆ.